ಸುಳಿ ಹೇಳದ ಅರ್ಧ

ವಿಜಯಪುರದ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಹತ್ತಿರವಾದಂತೆ ತಿಕೋಟಾ, ಬಬಲೇಶ್ವರ ಕಡೆಯ ರೈತರ ಮಾತೆಲ್ಲ ಖಿಲಾರಿ ಎತ್ತಿನ ಜೋಡಿಗಳ ಸುತ್ತ ತಿರುಗುತ್ತದೆ. ದನದ ಪೇಟೆಯಲ್ಲಿ ಕೊಳ್ಳುವವನು ಹಲ್ಲು ಎಣಿಸಿ, ಗೊರಸು ಮುಟ್ಟಿ, ಕೊನೆಗೆ ಕೂದಲಿನ ಸುಳಿಗೆ ಬರುತ್ತಾನೆ. ಓದಿದವರು ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುತ್ತ ಬಂದಿದ್ದಾರೆ. ಮನೆಗೆ ಕೇಡು ತರುವ ಸುಳಿ, ಭಾಗ್ಯ ತರುವ ಸುಳಿ ಎಂಬುದಕ್ಕೆ ಆಧಾರವಿಲ್ಲ ನಿಜ. ಆದರೆ ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣೆಯ ಸುಳಿ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದ ದನಗಳು ಕಟ್ಟಿ ಹಿಡಿದಾಗ ಹೆಚ್ಚು ಕೊಸರಾಡಿದ್ದು ಕಂಡುಬಂತು. ಗರ್ಭದಲ್ಲಿ ಚರ್ಮವೂ ನರಮಂಡಲವೂ ಒಂದೇ ಪದರದಿಂದ ಬೆಳೆಯುತ್ತವೆ. ಆದ್ದರಿಂದ ಈ ನಂಟು ಅಸಂಭವವೇನಲ್ಲ. ನಮ್ಮ ಹಿರಿಯರ ಕಣ್ಣು ಸರಿಯಾದ ಜಾಗದಲ್ಲೇ ನೆಟ್ಟಿತ್ತು. ಆದರೂ ಸುಳಿ ಹೇಳುವುದು ಅರ್ಧ ಮಾತ್ರ. ದನ ಎಷ್ಟು ಬೇಗ ಬೆದರುತ್ತದೆ ಎಂಬುದು ಹುಟ್ಟಿನಿಂದ ಬರುತ್ತದೆ. ಯಾರನ್ನು ಕಂಡು ಬೆದರಬೇಕು ಎಂಬುದನ್ನು ಅದಕ್ಕೆ ಕಲಿಸುವುದು ಮನೆಯವರ ಕೈ.

ಖಿಲಾರಿ ಚುರುಕು ತಳಿ. ನಡಿಗೆಯ ವೇಗಕ್ಕಾಗಿಯೇ ಸೊಲ್ಲಾಪುರ, ಸಾಂಗಲಿ, ವಿಜಯಪುರ, ಬೆಳಗಾವಿ ಸೀಮೆಯ ರೈತರು ಅದನ್ನು ಮೆಚ್ಚಿ ಸಾಕಿದರು. ಚುರುಕು ಬೇಕು, ಬೆದರು ಬೇಡ ಎಂದರೆ ಹೇಗೆ? ಎರಡೂ ಒಂದೇ ನರದ ಗುಣ. ಹೊಲದಿಂದ ಬಂದ ಎತ್ತು ಸ್ಟೇಷನ್ ರಸ್ತೆಯಂಥ ಗದ್ದಲದ ಬೀದಿಯಲ್ಲಿ ನೆರಳಿನ ಗೆರೆ ಕಂಡು ನಿಂತುಬಿಟ್ಟರೆ ಅದನ್ನು ಮೊಂಡು ಎನ್ನುತ್ತೇವೆ, ಬಾಲ ತಿರುಚುತ್ತೇವೆ. ದನದ ಕಣ್ಣು ತಲೆಯ ಎರಡು ಬದಿಗಿರುತ್ತದೆ. ಹಿಂಬದಿಯ ಸ್ವಲ್ಪ ಜಾಗ ಬಿಟ್ಟರೆ ಸುತ್ತೆಲ್ಲ ಅದಕ್ಕೆ ಕಾಣುತ್ತದೆ, ಆದರೆ ಆಳದ ಅಂದಾಜು ಸುಲಭಕ್ಕೆ ಸಿಗುವುದಿಲ್ಲ. ನೆಲದಲ್ಲಿರುವುದು ನೆರಳೋ ತಗ್ಗೋ ಎಂದು ತಿಳಿಯಲು ಅದು ನಿಂತು, ತಲೆ ತಗ್ಗಿಸಿ ನೋಡಲೇಬೇಕು. ಆ ಕ್ಷಣದಲ್ಲಿ ಪೆಟ್ಟು ಬಿದ್ದರೆ ನೆರಳಿನ ಭಯದ ಜೊತೆಗೆ ಹೊಡೆದವನ ಭಯವೂ ಸೇರುತ್ತದೆ. ದನ ಆಳನ್ನು ಮರೆಯುವುದಿಲ್ಲ. ಸಂಶೋಧಕ ರಶೆನ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದಂತೆ, ಹಿಂದೆ ಒರಟಾಗಿ ನಡೆದುಕೊಂಡಿದ್ದ ವ್ಯಕ್ತಿ ಹಾಲು ಕರೆಯುವಾಗ ಹತ್ತಿರ ನಿಂತಿದ್ದಷ್ಟಕ್ಕೇ ಆಕಳ ಕೆಚ್ಚಲಲ್ಲಿ ಇಳಿಯದೆ ಉಳಿದ ಹಾಲು ಶೇ. 70ರಷ್ಟು ಹೆಚ್ಚಾಯಿತು. ಆತ ಆಗ ಕೈ ಎತ್ತಿರಲಿಲ್ಲ, ಸುಮ್ಮನೆ ನಿಂತಿದ್ದ.

ಹೊಡೆಯಬಾರದು ಎಂಬ ಈ ಮಾತಿಗೆ ಅನುಭವಸ್ಥರ ಆಕ್ಷೇಪ ಉಂಟು. ಡೋಣಿ ಹೊಳೆಸಾಲಿನ ಎರೆಮಣ್ಣಿನಲ್ಲಿ ಕುಂಟೆ ಎಳೆಸಿದವರು, ಮುದ್ದು ಮಾಡಿದ ಹೋರಿ ಮೈಮೇಲೆ ಏರಿ ಬರುತ್ತದೆ, ಬಾರುಕೋಲಿನ ಅಂಜಿಕೆ ಇರಲೇಬೇಕು ಎನ್ನುತ್ತಾರೆ. ಮಾತಿನ ಮೊದಲ ಭಾಗ ಖಂಡಿತ ಸತ್ಯ. ಉಳಿದ ದನಗಳಿಂದ ಬೇರೆಯಾಗಿ, ಮನುಷ್ಯರ ಕೈಯಲ್ಲೇ ಹಾಲು ಕುಡಿದು ಬೆಳೆದ ಹೋರಿಗರುಗಳು ದೊಡ್ಡವಾದ ಮೇಲೆ ಮನುಷ್ಯರ ಮೇಲೇ ಹೆಚ್ಚು ಹಾಯುತ್ತವೆ ಎಂಬುದನ್ನು 1990ರಲ್ಲೇ ಸಂಶೋಧಕರಾದ ಪ್ರೈಸ್ ಮತ್ತು ವಾಲಾಕ್ ಹೆರ್‌ಫರ್ಡ್ ತಳಿಯ ಹೋರಿಗಳಲ್ಲಿ ತೋರಿಸಿದ್ದಾರೆ. ಅಂಥ ಕರು ಮನುಷ್ಯನನ್ನು ತನ್ನ ಜಾತಿಯ ಎದುರಾಳಿ ಎಂದೇ ತಿಳಿಯುತ್ತದೆ. ಆದರೆ ಇದಕ್ಕೆ ಪರಿಹಾರ ಪೆಟ್ಟಲ್ಲ. ಕರು ಹಿಂಡಿನಲ್ಲಿ ಬೆಳೆಯಬೇಕು, ಹಣೆ ತಳ್ಳುವ ಆಟ ಅದರೊಡನೆ ಆಡಬಾರದು, ಪಳಗಿದ ಎತ್ತಿನ ಜೋಡಿಗೆ ನೊಗ ಕಟ್ಟಿ ಕೆಲಸ ಕಲಿಸಬೇಕು. ಈ ಕೊನೆಯದು ನಮ್ಮ ಸೀಮೆಯ ಹಳೆಯ ಪದ್ಧತಿಯೇ. ಒಳ್ಳೆಯ ಕಮತಗಾರರಿಗೆ ಯಾವ ಪ್ರಯೋಗಾಲಯವೂ ಅದನ್ನು ಹೇಳಿಕೊಡಲಿಲ್ಲ. ಇನ್ನು ಮೊಳೆ ಬಡಿದ ಕೋಲನ್ನು ಭಾರ ಎಳೆಯುವ ಪ್ರಾಣಿಗಳ ಕುರಿತ ಕೇಂದ್ರ ಸರ್ಕಾರದ 1965ರ ನಿಯಮಗಳೇ ನಿಷೇಧಿಸಿವೆ. ಕಾನೂನು ಬದಿಗಿಟ್ಟರೂ ಲೆಕ್ಕ ಅದೇ: ಅಂಜಿಕೆಯಿಂದ ನಡೆಯುವ ಎತ್ತು ಅಂಜಿಸುವವನು ಬಂದಾಗ ಮಾತ್ರ ನಡೆಯುತ್ತದೆ. ಮನೆಯ ಹೆಣ್ಣುಮಗಳು ಹಗ್ಗ ಹಿಡಿದ ದಿನ ಅದು ಹಾಯುತ್ತದೆ.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪ ಸಮಯದ್ದು: ಹೀಗೆ ಪಳಗಿಸಲು ಬಿಡುವೆಲ್ಲಿದೆ? ತಿಕೋಟಾ ಸುತ್ತ ದ್ರಾಕ್ಷಿ ಬಂತು, ಸಾಲುಗಳ ನಡುವೆ ಸಣ್ಣ ಟ್ರ್ಯಾಕ್ಟರ್ ಬಂತು. ದಿನವೂ ನೊಗ ಹೊತ್ತು, ಹತ್ತು ಜನರ ನಡುವೆ ಓಡಾಡುತ್ತಿದ್ದ ಎತ್ತು ಈಗ ಕಾರಹುಣ್ಣಿಮೆಗೆ, ಜಾತ್ರೆಗೆ, ಪಂದ್ಯಕ್ಕೆ ಮಾತ್ರ ಗೂಟದಿಂದ ಬಿಚ್ಚಿಸಿಕೊಳ್ಳುತ್ತದೆ. ಉಳಿದ ಕಾಲವೆಲ್ಲ ಗೋದಲಿಯ ಮುಂದೆ ನಿಂತಿರುತ್ತದೆ. ಪಳಗುವುದಕ್ಕೆ ಅವಕಾಶವೇ ಇಲ್ಲದ ಪ್ರಾಣಿ ಗದ್ದಲದಲ್ಲಿ ಕೆರಳಿದರೆ ತಳಿಯನ್ನು ದೂರುವುದು ಅನ್ಯಾಯ. ಕೆಲಸವಿಲ್ಲದಿದ್ದರೂ ದಿನಕ್ಕೊಮ್ಮೆ ಬಿಚ್ಚಿ ನಡೆಸಿ, ಮೈ ತಿಕ್ಕಿ, ಮನೆಯ ಇಬ್ಬರು ಮೂವರ ಕೈಗೆ ರೂಢಿ ಮಾಡಿಸುವ ಬಿಡುವು ಇಲ್ಲದವರು ಜೋಡಿ ಕಟ್ಟಬಾರದು.

ಈ ಬಾರಿ ಜಾತ್ರೆಯಲ್ಲಿ ಎತ್ತು ಕೊಳ್ಳುವವರಲ್ಲಿ ಒಂದು ವಿನಂತಿ. ಹಲ್ಲು ನೋಡಿ, ಸುಳಿಯನ್ನೂ ನೋಡಿ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಮಾರುವವನು ಹತ್ತಿರ ಬಂದು ಕೈ ಎತ್ತಿದಾಗ ಎತ್ತು ಏನು ಮಾಡುತ್ತದೆ ಎಂದು ನೋಡಿ. ಕಣ್ಣಿನ ಬಿಳುಪು ತೋರಿಸಿ ತಲೆ ಹಿಂದಕ್ಕೆ ಎಳೆದುಕೊಂಡರೆ, ಹಣ ಎಣಿಸುವ ಮುನ್ನ ಇನ್ನೊಮ್ಮೆ ಯೋಚಿಸಿ.