ಊರು ಬಿಟ್ಟವರ ಹೆಸರು

ತೆಕ್ಕಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ತೆಕ್ಕಲಕೋಟೆಯವರೇ’ ಎಂದು ಕೂಗಿದರೆ ಒಬ್ಬರೂ ತಿರುಗಿ ನೋಡಲಿಕ್ಕಿಲ್ಲ. ಅಲ್ಲಿ ಎಲ್ಲರೂ ಅವರೇ. ಊರೊಳಗೆ ಗುರುತು ಹಿಡಿಯುವ ಲೆಕ್ಕ ಬೇರೆ: ಗೌಡ್ರ ಮನೆಯವರು, ಬಡಿಗೇರ ಓಣಿಯವರು, ಅಂಗಡಿ ಶೆಟ್ರು. ಅಲ್ಲಿಯ ಹುಡುಗ ಬಳ್ಳಾರಿಯ ಹಾಸ್ಟೆಲ್ ಸೇರಿದ ದಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗಿಂತ ಮೊದಲು ‘ಟಿ.’ ಬಂದು ಕೂರುತ್ತದೆ.

ಮೊನ್ನೆ ಬಳ್ಳಾರಿಯ ಬ್ಯಾಂಕೊಂದರಲ್ಲಿ ನನ್ನ ಮುಂದಿದ್ದ ಹಿರಿಯರಿಗೂ ಈ ‘ಟಿ.’ಯದೇ ತಕರಾರು.

‘ಟಿ ಅಂದ್ರೆ ಏನ್ರೀ?’

‘ತೆಕ್ಕಲಕೋಟೆ, ಅಮ್ಮಾ.’

‘ಅದು ಊರಲ್ರೀ? ಸರ್‌ನೇಮ್ ಹೇಳ್ರಿ.’

‘ಅದೇ ಸರ್‌ನೇಮು!’

ಈ ಮಾತುಕತೆ ಹಂಗೇರಿಯವರಿಗೆ ವಿಚಿತ್ರವೆನಿಸದು. ಅವರ ಭಾಷೆಯಲ್ಲಿ ಊರ ಹೆಸರಿಗೆ ಒಂದು ‘ಇ’ ಹಚ್ಚಿದರೆ ಮನೆತನದ ಹೆಸರು ಸಿದ್ಧ. ಸೆಗೆಡ್ ಪಟ್ಟಣದವನು ಸೆಗೆಡಿ, ಬುಡಾದವನು ಬುಡಾಯ್. ನಾವು ಬೆಂಗಳೂರಿಗೆ ‘ಇಗ’ ಸೇರಿಸಿ ಬೆಂಗಳೂರಿಗ ಎನ್ನುತ್ತೇವಲ್ಲ, ಹಾಗೆ. ಮನೆತನದ ಹೆಸರನ್ನು ಮೊದಲು ಹೇಳುವುದೂ ಅವರ ರೂಢಿ. ನಾವು ಬೇಲಾ ಬಾರ್ಟೋಕ್ ಎನ್ನುವ ಸಂಗೀತಗಾರ ಅವರಿಗೆ ಬಾರ್ಟೋಕ್ ಬೇಲಾ. 1953ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಸೀಮೆಯಲ್ಲೂ ಊರೇ ಮೊದಲು. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡದ ಕಡೆ ಅದು ಕೊನೆಗೆ ಸರಿಯುತ್ತದೆ: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್.

ಮೊದಲಿಗಿರಲಿ, ಕೊನೆಗಿರಲಿ, ಊರು ಅಡ್ಡಹೆಸರಾಗುವುದು ಅದನ್ನು ಬಿಟ್ಟು ಹೊರಟ ಮೇಲೆ. ಸೆಗೆಡಿನಲ್ಲೇ ಇದ್ದವನನ್ನು ಸೆಗೆಡಿ ಎಂದು ಕರೆದು ಯಾರಿಗೇನು ಉಪಯೋಗ? ಆ ಹೆಸರು ಇಡುವವರು ಹೊಸ ಊರಿನ ನೆರೆಹೊರೆಯವರು.

ಬಳ್ಳಾರಿ ರಾಘವರನ್ನೇ ನೋಡಿ. 1880ರಲ್ಲಿ ಹುಟ್ಟಿದ ಅವರ ಪೂರ್ತಿ ಹೆಸರು ತಾಡಿಪತ್ರಿ ರಾಘವಾಚಾರ್ಯುಲು. ತಾಡಿಪತ್ರಿ ಅನಂತಪುರದ ಕಡೆಯ ಊರು. ಬಳ್ಳಾರಿಯಲ್ಲಿ ವಕೀಲಿ ಮಾಡಿ, ನಾಟಕವಾಡಿ, ಆ ರಂಗದ ಹೆಸರು ಹೊತ್ತು ಊರೂರು ತಿರುಗುವಾಗ ತಾಡಿಪತ್ರಿ ಹಿಂದೆ ಸರಿದು ಬಳ್ಳಾರಿ ಮುಂದೆ ಬಂತು. ಅವರ ಸೋದರಮಾವ, ನಾಟಕಕಾರ ಧರ್ಮವರಂ ರಾಮಕೃಷ್ಣಮಾಚಾರ್ಯರು ಬಳ್ಳಾರಿಯಲ್ಲಿ ಬಾಳಿದರೂ ಧರ್ಮವರಂ ಆಗಿಯೇ ಉಳಿದರು. ಸ್ವಾತಂತ್ರ್ಯ ಹೋರಾಟಗಾರ್ತಿ ಬಳ್ಳಾರಿ ಸಿದ್ದಮ್ಮ ಹುಟ್ಟಿದ್ದು ಹಾವೇರಿ ಸೀಮೆಯ ದುಂಡಸಿಯಲ್ಲಿ, ನೆಲೆಸಿದ್ದು ದಾವಣಗೆರೆಯಲ್ಲಿ. ಅವರ ಹೆಸರಿನ ‘ಬಳ್ಳಾರಿ’ ಗಂಡನ ಮನೆತನದ್ದು.

ಹೊರಗಿನವರು ಹೆಸರಿಡುವ ಈ ಪದ್ಧತಿಯಿಂದ ಸತ್ತವರೂ ತಪ್ಪಿಸಿಕೊಂಡಿಲ್ಲ. 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಸಂಗಡಿಗರು ತೆಕ್ಕಲಕೋಟೆಯ ಗುಡ್ಡಗಳಲ್ಲಿ ಉತ್ಖನನ ಮಾಡಿ ನವಶಿಲಾಯುಗದವರ ಕಲ್ಲುಕೊಡಲಿ, ಮಡಕೆ, ಚಿನ್ನದ ಆಭರಣಗಳನ್ನು ಹೊರತೆಗೆದರು. ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಆ ಜನ ತಮ್ಮ ಗುಡ್ಡವನ್ನು ಏನೆಂದು ಕರೆಯುತ್ತಿದ್ದರೋ, ಕಟ್ಟಿರದ ಕೋಟೆಯ ಹೆಸರಲ್ಲಂತೂ ಅಲ್ಲ. ಆದರೂ ಪುಸ್ತಕಗಳಲ್ಲಿ ಅವರು ತೆಕ್ಕಲಕೋಟೆಯವರೇ.

ಬ್ಯಾಂಕಿನಲ್ಲಿ ಕೊನೆಗೆ ಹಿರಿಯರೇ ಗೆದ್ದರು. ಸರ್‌ನೇಮಿನ ಚೌಕಗಳಲ್ಲಿ ಒಂದೊಂದೇ ಅಕ್ಷರ ತುಂಬಿ ‘ತೆಕ್ಕಲಕೋಟೆ’ ಬರೆದರು. ಕೆಳಗಿನ ಸಾಲು ‘ಹುಟ್ಟಿದ ಊರು’. ಪೆನ್ನು ತಡವರಿಸದೆ ‘ಬಳ್ಳಾರಿ’ ಎಂದು ಬರೆಯಿತು. ನಾನು ಮುಖ ನೋಡಿದ್ದಕ್ಕೆ ನಕ್ಕು ಹೇಳಿದರು: ‘ಊರು ಬಿಟ್ಟಿದ್ದು ನಮ್ಮಜ್ಜ ರೀ.’