ಕಾರ್ಡ್ ಐದು ಲಕ್ಷದ್ದು, ಮಾತ್ರೆ ನಮ್ಮ ದುಡ್ಡಿಂದು

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಆ ದುಡ್ಡು ಬರೋದು ಅಡ್ಮಿಟ್ ಆಗಿ ಆಪರೇಷನ್‌ನಂಥ ಚಿಕಿತ್ಸೆ ಆದಾಗ. ನಮ್ಮ ಮನೆಗಳ ಜೇಬು ಖಾಲಿಯಾಗೋದು ಅಲ್ಲಿ ಮಾತ್ರವಲ್ಲ. ಅಪ್ಪನ ಬಿಪಿ ಮಾತ್ರೆ, ಅವ್ವನ ಶುಗರ್ ಟೆಸ್ಟ್, ತಾಲ್ಲೂಕಿಗೆ ಹೋದ ದಿನ ತಪ್ಪಿದ ಕೂಲಿ. ಮೆಡಿಕಲ್ ಶಾಪ್‌ನಲ್ಲಿ ಆ ಕಾರ್ಡ್ ನಡೆಯಲ್ಲ.

ದುಡ್ಡಿಲ್ಲದೆ ಮಾತ್ರೆ ಬಿಟ್ಟವನಿಗೆ ಲಕ್ವ ಹೊಡೆದ ಮೇಲೆ ಲಕ್ಷ ಕೊಡೋದು, ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂಗೆ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗಬೇಕಾದ ಮಾತ್ರೆ ಒಂದು ತಿಂಗಳೂ ತಪ್ಪಬಾರದು. 'ಸ್ಟಾಕ್ ಇಲ್ಲ' ಅಂದರೆ ಸುಮ್ಮನೆ ವಾಪಸ್ ಬರಬೇಡಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ.