ಮನೆವಾರ್ತೆ: ಜನರೇಟರು ಕೊಳ್ಳುವ ಮುನ್ನ

ಮುಂಗಾರು ಬಿರುಸಾಯಿತೆಂದರೆ ಮೊದಲು ಮರ ಬೀಳುತ್ತದೆ. ಮರದೊಡನೆ ವಿದ್ಯುತ್ ತಂತಿಯೂ ಬೀಳುತ್ತದೆ. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದಾಗ ಜನಕ್ಕೆ ಅದೊಂದು ಸೋಜಿಗ. ಇಂದು ಅದು ಒಂದು ದಿನ ಇಲ್ಲವಾದರೆ ಸಂಸಾರವೇ ನಿಂತುಹೋಗುತ್ತದೆ. ಮೇಲಿನ ತೊಟ್ಟಿಗೆ ನೀರು ಏರದು. ಫ್ರಿಜ್ಜಿನಲ್ಲಿಟ್ಟ ಹಾಲು ಕೆಡುತ್ತದೆ. ಅಲ್ಲಿಯೇ ಇಟ್ಟ ಹಿರಿಯರ ಇನ್ಸುಲಿನ್ನಿನ ಚಿಂತೆ ಬೇರೆ. ಎರಡು ಮೂರು ಗಂಟೆಗಳ ಕತ್ತಲೆಗೆ ಬ್ಯಾಟರಿಯ ಇನ್‌ವರ್ಟರು ಸಾಕು. ಎರಡು ಮೂರು ದಿನಗಳ ಕತ್ತಲೆಗೆ ಏನು ಮಾಡುವುದು? ಈ ಪ್ರಶ್ನೆ ಬಂದಾಗ ಪೆಟ್ರೋಲಿನಿಂದಲೂ ಅನಿಲದಿಂದಲೂ ನಡೆಯುವ ಪುಟ್ಟ ಜನರೇಟರಿನ ಕಡೆಗೆ ಮನಸ್ಸು ಹರಿಯುವುದು ಸಹಜ.

ಎರಡು ಇಂಧನವೆಂಬುದು ನಮಗೆ ಹೊಸತಲ್ಲ. ಪೆಟ್ರೋಲಿನಲ್ಲಿ ಹೊತ್ತಿಸಿ ಸೀಮೆಎಣ್ಣೆಯಲ್ಲಿ ಓಡಿಸುತ್ತಿದ್ದ ಯಂತ್ರಗಳು ಅಂಗಡಿಗಳ ಮುಂದೆ ಗುಡುಗುತ್ತಿದ್ದುದನ್ನು ಬಲ್ಲವರು ಅನೇಕರು. ಈಗ ಸೀಮೆಎಣ್ಣೆಯ ಸ್ಥಾನಕ್ಕೆ ಅನಿಲ ಬಂದಿದೆ. ಅಂಗಡಿಯವರು ಹತ್ತು ಬಗೆ ತೋರಿಸಿ ಹತ್ತು ಸಂಖ್ಯೆ ಹೇಳುತ್ತಾರೆ. ಕೊಳ್ಳುವವರು ಬೆಲೆಯಿಂದ ವಿಚಾರ ಆರಂಭಿಸುತ್ತಾರೆ. ಆದರೆ ವಿಚಾರಿಸಬೇಕಾದ ಕ್ರಮವೇ ಬೇರೆ: ಮೊದಲು ಸ್ಥಳ, ಅನಂತರ ಹೊರೆ, ಆಮೇಲೆ ಇಂಧನ, ಬೆಲೆ ಕಟ್ಟಕಡೆಗೆ.

ಸ್ಥಳವೇಕೆ ಮೊದಲು? ಇಂಧನ ಯಾವುದೇ ಇರಲಿ, ಜನರೇಟರು ಇಂಗಾಲದ ಮಾನಾಕ್ಸೈಡನ್ನು ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಬಳಿಕ ವಾಕರಿಕೆ, ಮಂಪರು. ಮಲಗಿದವರು ಏಳದೆಯೇ ಹೋಗಬಹುದು. 2020ರಲ್ಲಿ ಅಮೆರಿಕದ ಲೂಯಿಸಿಯಾನಾಕ್ಕೆ ಲಾರಾ ಚಂಡಮಾರುತ ಬಡಿದಾಗ, ಗಾಳಿಮಳೆಯಿಂದ ಪಾರಾಗಿದ್ದ ಹಲವರು ತಮ್ಮದೇ ಜನರೇಟರಿನ ಹೊಗೆಯಿಂದ ಮಡಿದರು. ಅನಿಲವು ಶುದ್ಧ ಇಂಧನ, ಒಳಗಿಟ್ಟರೂ ಬಾಧಕವಿಲ್ಲ ಎಂಬ ನಂಬಿಕೆ ಪ್ರಾಣಕ್ಕೆ ಎರವಾದೀತು. ಪಡಸಾಲೆ, ಬಾಲ್ಕನಿ, ಕಾರಿನ ಷೆಡ್ಡು, ಮೆಟ್ಟಿಲ ಕೆಳಗಿನ ಜಾಗ — ಇವೊಂದೂ ಕೂಡದು. ಬಾಗಿಲು ಕಿಟಕಿಗಳಿಂದ 20 ಅಡಿಯಾದರೂ ದೂರದಲ್ಲಿ, ಬಯಲಿನಲ್ಲಿ, ಯಂತ್ರ ಮಳೆಗೆ ನೆನೆಯದಂತೆ ಮೇಲೆ ಮಾತ್ರ ಮರೆ ಮಾಡಿ, ಸುತ್ತಲೂ ತೆರೆದಿರುವಂತೆ ಇಡಬೇಕು. ಅಂಥ ಜಾಗ ನಿಮ್ಮ ಮನೆಗೆ ಇಲ್ಲವೆ? ಹಾಗಾದರೆ ವಿಚಾರ ಅಲ್ಲಿಗೇ ಮುಗಿಯಿತು. ಆ ಹಣವನ್ನು ದೊಡ್ಡ ಬ್ಯಾಟರಿಗೆ ಹಾಕುವುದು ಲೇಸು.

ಜಾಗವುಂಟೆಂದರೆ ಮುಂದಿನ ಮಾತು ಹೊರೆಯದು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಒಂದು ಫ್ರಿಜ್ಜು 150 ವ್ಯಾಟು, ಎರಡು ಫ್ಯಾನು 150, ನಾಲ್ಕು ಎಲ್‌ಇಡಿ ದೀಪ 40, ಟೆಲಿವಿಷನ್ನು 100 ಎಂದು ಹಿಡಿದರೆ ಒಟ್ಟು 450 ವ್ಯಾಟಿಗೆ ಮೀರದು. ಆದರೆ ಮೋಟಾರಿರುವ ಉಪಕರಣ ಹೊರಡುವ ಕ್ಷಣದಲ್ಲಿ ಮೂರುಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಎಳೆಯುತ್ತದೆ. ಒಂದು ಅಶ್ವಶಕ್ತಿಯ ನೀರಿನ ಪಂಪು ಓಡುವಾಗ 1,100 ವ್ಯಾಟಿನ ಆಸುಪಾಸು ಬೇಡಿದರೂ ಹೊರಡಲು 3,300 ಬೇಡಬಹುದು. ಗೀಸರು, ಹವಾನಿಯಂತ್ರಣ ಯಂತ್ರಗಳನ್ನು ಈ ಲೆಕ್ಕಕ್ಕೆ ಸೇರಿಸದಿರುವುದೇ ಕ್ಷೇಮ.

ಇನ್ನು ಅಂಗಡಿಯವರು ಹೇಳುವ ಸಂಖ್ಯೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿರುವುದು ಬಹುಮಟ್ಟಿಗೆ ಕ್ಷಣಕಾಲದ ಶಕ್ತಿ, ಅದೂ ಪೆಟ್ರೋಲಿನಲ್ಲಿ. ನೀವು ಕೇಳಬೇಕಾದದ್ದು, ಅನಿಲದಲ್ಲಿ ಸತತವಾಗಿ ಎಷ್ಟು ಎಂಬುದನ್ನು. ಅನಿಲದಲ್ಲಿ ನೂರಕ್ಕೆ ಸುಮಾರು ಹತ್ತರಷ್ಟು ಶಕ್ತಿ ಕಡಿಮೆ. ಎತ್ತರದ ಊರುಗಳಲ್ಲಿ ಗಾಳಿ ತೆಳುವಾದುದರಿಂದ ಇನ್ನಷ್ಟು ಇಳಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಅಲ್ಲಿ ಮತ್ತೆ ಹತ್ತರಷ್ಟು ನಷ್ಟ. ಹೀಗೆ ಸತತ 2,000 ವ್ಯಾಟಿನ ಯಂತ್ರ ನಮ್ಮ ಹಿತ್ತಿಲಿನಲ್ಲಿ 1,600ಕ್ಕೆ ನಿಂತೀತು. ಅಮೆರಿಕದ ಯಂತ್ರಗಳ ಹೊಗಳಿಕೆ ಓದಿ ಮರುಳಾಗುವವರು ಒಂದನ್ನು ನೆನಪಿಡಬೇಕು: ಅಲ್ಲಿಯವು 120 ವೋಲ್ಟು, 60 ಆವರ್ತದವು, ನಮ್ಮ ಮನೆಗೆ ಬೇಕಾದದ್ದು 230 ವೋಲ್ಟು, 50 ಆವರ್ತ.

ಮೂರನೆಯದು ಇಂಧನ. ಒಂದು ಸಾವಿರ ವ್ಯಾಟಿನ ಹೊರೆಗೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರು ಪೆಟ್ರೋಲು, ಇಲ್ಲವೆ ಅರ್ಧ ಕಿಲೋ ಆಸುಪಾಸಿನ ಅನಿಲ ಎಂದು ಸ್ಥೂಲವಾಗಿ ಹಿಡಿಯಬಹುದು. ದಿನಕ್ಕೆ ಆರು ಗಂಟೆ ಓಡಿಸಿದರೆ 19 ಕಿಲೋ ಸಿಲಿಂಡರು ಆರು ದಿನ ಬಂದೀತು. ಪೆಟ್ರೋಲು ಶಕ್ತಿಯಲ್ಲಿ ಮುಂದು, ಆದರೆ ಕೂಡಿಡಲು ಒಗ್ಗದು: ಕೆಲವೇ ತಿಂಗಳಲ್ಲಿ ಹಳಸಿ ಕಾರ್ಬುರೇಟರಿನಲ್ಲಿ ಅಂಟು ಕಟ್ಟುತ್ತದೆ; ಈಗ ಬೆರೆಸುವ ಎಥೆನಾಲು ತೇವವನ್ನೂ ಹೀರುತ್ತದೆ. ಕರೆಂಟು ಹೋದ ಊರಿನಲ್ಲಿ ಪೆಟ್ರೋಲು ಬಂಕಿನ ಪಂಪಿಗೂ ಕರೆಂಟೇ ಬೇಕಲ್ಲವೆ! 2018ರ ಆಗಸ್ಟಿನಲ್ಲಿ ಕೊಡಗಿನಲ್ಲಾದಂತೆ ಗುಡ್ಡ ಕುಸಿದು ರಸ್ತೆಯೇ ಕಡಿದುಹೋದರೆ ಬಂಕಿನವರೆಗೆ ಹೋಗುವ ಮಾತೂ ಇಲ್ಲ. ಅನಿಲವಾದರೋ ವರ್ಷಗಟ್ಟಲೆ ಕೆಡದೆ ಕಾದಿರುತ್ತದೆ.

ಅನಿಲಕ್ಕೂ ಕಟ್ಟುಪಾಡುಗಳುಂಟು. ಅಡುಗೆಗೆಂದು ಕೊಟ್ಟ 14.2 ಕಿಲೋ ಕೆಂಪು ಸಿಲಿಂಡರನ್ನು ಜನರೇಟರಿಗೆ ಬಳಸುವುದು ನಿಯಮಕ್ಕೆ ವಿರುದ್ಧ. 19 ಕಿಲೋ ವಾಣಿಜ್ಯ ಸಿಲಿಂಡರನ್ನು ಬೇರೆಯಾಗಿ ಪಡೆಯಬೇಕು. ಆ ಖರ್ಚನ್ನೂ ಬೆಲೆಯ ಲೆಕ್ಕಕ್ಕೆ ಹಿಡಿಯಿರಿ. ಚಿಕ್ಕ 5 ಕಿಲೋ ಸಿಲಿಂಡರಿನಿಂದ ಅನಿಲವನ್ನು ರಭಸವಾಗಿ ಸೆಳೆದರೆ ಅದು ತಣ್ಣಗಾಗಿ ಒತ್ತಡ ಕುಗ್ಗುತ್ತದೆ, ಯಂತ್ರ ಮುಗ್ಗರಿಸುತ್ತದೆ. ಸಿಲಿಂಡರು ನೆಟ್ಟಗೆ ನಿಂತಿರಲಿ. ಅನಿಲ ಗಾಳಿಗಿಂತ ಭಾರ. ಸೋರಿದರೆ ತಗ್ಗಿನಲ್ಲಿ ಮಡುಗಟ್ಟುತ್ತದೆ.

ಇಷ್ಟಾದ ಮೇಲೆ ತಂತಿಯ ಮಾತು. ಜನರೇಟರಿನ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಮನೆಗೆಲ್ಲ ಬೆಳಕು ಮಾಡುವ ಜಾಣತನವನ್ನು ಯಾರೂ ಮಾಡಬಾರದು. ಆ ವಿದ್ಯುತ್ತು ಮನೆಯಿಂದ ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟಿಗೆ ಏರಿ, ನಮಗಾಗಿಯೇ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ನನ ಜೀವ ತೆಗೆದೀತು. ಅರ್ಹ ಎಲೆಕ್ಟ್ರಿಷಿಯನ್ನರಿಂದ ಚೇಂಜ್‌ಓವರ್ ಸ್ವಿಚ್ಚು ಹಾಕಿಸಿರಿ. ಅದಾಗುವವರೆಗೆ ಉಪಕರಣಗಳನ್ನು ನೇರವಾಗಿ ಯಂತ್ರಕ್ಕೇ ಜೋಡಿಸಿರಿ.

ಹಾಗಾದರೆ ಯಾವುದನ್ನು ಕೊಳ್ಳುವುದು? ಪಂಪಿನ ಗೊಡವೆಯಿಲ್ಲದ ಮನೆಗೆ ಸುಮಾರು 2,000 ವ್ಯಾಟಿನ, ಮುಚ್ಚುಪೆಟ್ಟಿಗೆಯ ಇನ್‌ವರ್ಟರ್ ಮಾದರಿ ಸಾಕು. ಅದರ ಬೆಲೆ ಹೆಚ್ಚು. ಆದರೆ ಸದ್ದು ಕಡಿಮೆ, ಹೊರೆ ಇಳಿದಾಗ ಇಂಧನ ಉಳಿಯುತ್ತದೆ, ಕಂಪ್ಯೂಟರಿಗೂ ಹಿತ. ಒಂದು ಅಶ್ವಶಕ್ತಿಯ ಪಂಪನ್ನು ನಡೆಸಲೇಬೇಕಾದ ಮನೆಗೆ 4,000 ವ್ಯಾಟಿಗೆ ಕಡಿಮೆಯಿಲ್ಲದ, ತೆರೆದ ಚೌಕಟ್ಟಿನ ಯಂತ್ರ ಬೇಕು. ನೀರೇರಿಸುವಾಗ ಮಿಕ್ಕೆಲ್ಲವನ್ನೂ ಆರಿಸಿರಬೇಕು. ಯಾವುದನ್ನು ತಂದರೂ ತಿಂಗಳಿಗೊಮ್ಮೆ ಕಾಲುಗಂಟೆ ಹೊರೆ ಹಾಕಿ ಓಡಿಸಿ, ಎಣ್ಣೆ ನೋಡಿ, ಕಾರ್ಬುರೇಟರಿನ ಪೆಟ್ರೋಲನ್ನು ಬರಿದುಮಾಡಿ ಇಡಿರಿ. ಮನೆಯಲ್ಲಿ ಒಬ್ಬರಿಗಲ್ಲ, ಇಬ್ಬರಿಗಾದರೂ ಅದನ್ನು ಹೊರಡಿಸಲೂ ನಿಲ್ಲಿಸಲೂ ತಿಳಿದಿರಲಿ. ಕತ್ತಲಾದ ಮೇಲೆ ಪುಸ್ತಕ ತೆರೆದು ಕಲಿಯುವ ವಿದ್ಯೆ ಇದಲ್ಲ.